ಗಾಳಿ ಸೋರಿದ ಹುಣಸೆ ಸುಗ್ಗಿ

ಹೋದ ತಿಂಗಳು ಕಲ್ಯಾಣದುರ್ಗದಲ್ಲಿ ನನ್ನ ನಾದಿನಿಯ ಮೊಮ್ಮಗಳಿಗೆ ನಾಮಕರಣವಿತ್ತು. ಹಿಂದಿನ ದಿನವೇ ಹೋಗಿದ್ದೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳೋಣವೆಂದು ಬಚ್ಚಲಿಗೆ ಹೋದರೆ ಗೂಡಿನಲ್ಲಿ ಮಲ್ಲಿಗೆ ವಾಸನೆಯ ಶಾಂಪೂ ಪೊಟ್ಟಣಗಳ ಸರ ಇಟ್ಟಿದ್ದರು. ಒಂದನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ಶಾಂಪೂ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ನಾನು ಆಗುತ್ತೇನೆ. ಇದೇ ಊರಿನಲ್ಲಿ, ಇದೇ ವಾಸನೆಯ ಶಾಂಪೂವನ್ನು ಬಕೆಟ್ಟಿನಲ್ಲಿ ಕಲಕಿ ನಾನು ಒಂದು ಲಾರಿಗೆ ಹಚ್ಚಿದ್ದೇನೆ. ಲಾರಿ ತೊಳೆಯುವುದಕ್ಕಲ್ಲ. ನನ್ನ ತಮ್ಮ ಕಳ್ಳನೋ ಅಲ್ಲವೋ ಎಂದು ನೋಡುವುದಕ್ಕೆ.

ಅದು ಮೂರ್ನಾಲ್ಕು ವರ್ಷದ ಹಿಂದಿನ ಹುಣಸೆ ಸುಗ್ಗಿ. ಹಿಂದೂಪುರದಲ್ಲಿ ಇರುವವರಿಗೆ ಸುಗ್ಗಿ ಬಂತೆಂದು ಕ್ಯಾಲೆಂಡರ್ ನೋಡಿ ಹೇಳಬೇಕಾಗಿಲ್ಲ. ಶಿವರಾತ್ರಿ ಹತ್ತಿರ ಬರುತ್ತಿದ್ದ ಹಾಗೆ ಮಾರ್ಕೆಟ್ಟಿನ ಕಡೆಯಿಂದ ಬೀಸುವ ಗಾಳಿಯೇ ಹುಳಿಯಾಗುತ್ತದೆ. ಒಗೆದು ಹರವಿದ ಸೀರೆಯಲ್ಲೂ ಅದೇ ವಾಸನೆ, ಕುಡಿಯುವ ನೀರಿನಲ್ಲೂ ಅದೇ. ನಾನೂ ನಮ್ಮ ಬೀದಿಯ ಹೆಂಗಸರೂ ಮಂಡಿಯ ಹಿಂದಿನ ಚಪ್ಪರದಲ್ಲಿ ಕೂತು ಹುಣಸೆ ಕುಟ್ಟಿ ಬೀಜ ತೆಗೆಯುತ್ತಿದ್ದೆವು. ಬೆರಳ ಸಂದಿಯೆಲ್ಲ ಕಪ್ಪಗಾಗಿ, ಸಂಜೆ ಅನ್ನ ಕಲಸಿದರೆ ಚುರುಗುಟ್ಟುತ್ತಿತ್ತು. ನಮ್ಮ ಯಜಮಾನರು ಅಂಜಿನಪ್ಪ ಒಂದು ಹಳೇ ಲಾರಿ ಇಟ್ಟಿದ್ದರು. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ ಗಂಗಾಧರ. ನಮ್ಮಪ್ಪ ತೀರಿಕೊಂಡ ಮೇಲೆ ಅವನು ನಮ್ಮ ಮನೆಯಲ್ಲೇ ಬೆಳೆದ. ಸ್ಟೇರಿಂಗ್ ಹಿಡಿಯುವುದನ್ನು ಅವನಿಗೆ ಕಲಿಸಿದವರೂ ಇವರೇ. ಹಿಂದೂಪುರದಿಂದ ಕಬ್ಬಿಣದ ಸರಳು ತುಂಬಿಕೊಂಡು ಕಲ್ಯಾಣದುರ್ಗಕ್ಕೆ ಹೋಗುವುದು, ಅಲ್ಲಿಂದ, ಸೆಟ್ಟೂರಿನ ಕಡೆಯಿಂದ ಹುಣಸೆ ತುಂಬಿಕೊಂಡು ಬರುವುದು. ಸುಗ್ಗಿಯಲ್ಲಿ ಅವನು ಮನೆಯಲ್ಲಿ ಮಲಗಿದ್ದಕ್ಕಿಂತ ಲಾರಿಯಲ್ಲಿ ಮಲಗಿದ್ದೇ ಹೆಚ್ಚು.

ಆ ಸಂಕ್ರಾಂತಿಗೆ ಇವರು ಲಾರಿಗೆ ಹೊಸ ಬಣ್ಣ ಹೊಡೆಸಿದರು. ಗಿಳಿ ಹಸಿರು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಅಷ್ಟು ಸಾಕಾಯಿತು ನಮ್ಮತ್ತೆಗೆ. "ಊರ ಕಣ್ಣೆಲ್ಲಾ ಅದ್ರ ಮ್ಯಾಲೆ ಬಿದ್ಬುಟ್ಟೈತೆ ಕಣಪ್ಪ," ಅಂತ ಮಗನಿಗೆ ಹೇಳಿ, ಹಳೇ ಜಟಕಾ ಗಾಡಿಯವನ ಮನೆಗೆ ತಾವೇ ಹೋಗಿ ಒಂದು ಕುದುರೆ ಲಾಳ ತಂದರು. ಓಡಿದ ಕುದುರೆಯ ಲಾಳವೇ ಆಗಬೇಕಂತೆ, ಅಂಗಡಿಯದು ನಡೆಯುವುದಿಲ್ಲವಂತೆ. ಅದಕ್ಕೆ ಕಟ್ಟಳೆಗಳೂ ಇದ್ದವು. ಲಾಳವನ್ನು ಲಾರಿಯ ಯಜಮಾನನೇ ತನ್ನ ಕೈಯಾರೆ ಕೂರಿಸಬೇಕು, ಮೆಕ್ಯಾನಿಕ್ಕಿನ ಪಾನಾ ತಾಗಬಾರದು. ಕೂರಿಸುವ ಸ್ಕ್ರೂವಿಗೆ ಗರಗಸ ಹಾಕಬಾರದು, ಕತ್ತರಿಸಿದರೆ ದೃಷ್ಟಿ ತಡೆಯುವ ಶಕ್ತಿ ಹೋಗುತ್ತದೆ. ಇವರು ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ಮರಕ್ಕೆ ಹೊಡೆಯುವ ನನ್ನ ಬೆರಳುದ್ದದ ಸ್ಕ್ರೂ ಒಂದನ್ನು ತಂದು, ಲಾರಿಯ ಮೂತಿಯ ಜಾಲರಿಯ ನಟ್ಟನಡುವೆ ಲಾಳವನ್ನು ಕೂರಿಸಿದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಕುಂಕುಮ ಇಟ್ಟವಳೂ ನಾನೇ.

ಅದಾದ ಮೇಲೆ ಲಾರಿ ಡೀಸೆಲ್ ಕುಡಿಯಲು ಶುರು ಮಾಡಿತು.

ಮೊದಮೊದಲು ಸ್ವಲ್ಪ. ಆಮೇಲೆ ಜೋರಾಗಿ. ಏರು ಬಂದರೆ ಎಳೆಯುವುದಿಲ್ಲ, ಹಿಂದೆ ಕರಿಹೊಗೆ. ಗಂಗಾಧರ ಬಂದು ಬಂದು ಇವರ ಹತ್ತಿರ ಹೇಳಿದ. "ಭಾವ, ಲೋಡಾಕಿ ಏರು ಹತ್ತಿಸ್ವಾಗ ಮುಂದ್ಗಡೆ ಎಲ್ಲೋ ಸುಯ್ ಅಂತ ಸದ್ದು ಬತ್ತೈತೆ. ಗಾಳಿ ಎಲ್ಲೋ ಸೋರ್ತೈತೆ."

"ಗಾಳಿ ಸೋರೋಕೆ ಇದೇನು ಸೈಕಲ್ಲೇನ್ಲಾ?" ಅಂದರು ಇವರು.

ಆದರೂ ಸೀನಪ್ಪನ ಹತ್ತಿರ ತೋರಿಸಿದರು. ಸೀನಪ್ಪ ನಮ್ಮೂರಿನ ಮೆಕ್ಯಾನಿಕ್ಕು. ಮಾತು ಬಲು ಜೋರು. ಲಾರಿಯ ಮೂತಿಯ ಜಾಲರಿಯನ್ನು ಬಾಗಿಲಿನ ಹಾಗೆ ಮೇಲಕ್ಕೆತ್ತಿ ಕಟ್ಟಿದ, ಲಾಳಕ್ಕೆ ಕೈ ಮುಗಿದ, ಇಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ನಿಂತ ಲಾರಿಯಲ್ಲಿ ಯಾವ ಸುಯ್ಯೂ ಇಲ್ಲ. "ಏನೂ ಇಲ್ಲ ಕಣಣ್ಣ, ನಿನ್ ಬಾಮೈದುನನ ಕಿವೀಲಿ ಗಾಳಿ ಹೊಕ್ಕೈತೆ," ಅಂದ. ಮೈಮೇಲೆ ಹೊರೆ ಇದ್ದಾಗ ಮಾತ್ರ ಬರುವ ಸದ್ದನ್ನು ಗ್ಯಾರೇಜಿನ ನೆರಳಿನಲ್ಲಿ ಕೇಳಲು ಕೂತವನಿಗೆ ಏನು ಹೇಳುವುದು? ನಾಝಲ್ ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ. ಅದರಿಂದಲೂ ಆಗದಿದ್ದಾಗ ಪಂಪಿನಲ್ಲಿ ಡೀಸೆಲ್ ಇನ್ನಷ್ಟು ಹೆಚ್ಚಿಗೆ ಬಿಟ್ಟ. ಎರಡು ಟ್ರಿಪ್ಪು ಲಾರಿ ಚೆನ್ನಾಗಿ ಎಳೆಯಿತು. ಆಮೇಲೆ ಹೊಗೆ ಇನ್ನೂ ಕಪ್ಪಾಯಿತು, ಡೀಸೆಲ್ ಇನ್ನೂ ಬೇಗ ಖಾಲಿಯಾಯಿತು.

ನಮ್ಮತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಕಣ್ಣು ಬಿದ್ದಿದೆ, ಲಾಳ ಸಡಿಲವಾಗಿರಬೇಕು, ಅಷ್ಟೆ. ಇವರು ಸ್ಕ್ರೂಡ್ರೈವರ್ ತಂದು ಲಾಳದ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡುವರು. ಮತ್ತೆ ಲಾರಿ ತೊಂದರೆ ಕೊಡುವುದು, ಮತ್ತೆ ಒಂದು ಸುತ್ತು ಬಿಗಿ. ಜೊತೆಗೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿ ದಾರ, ಒಂದು ಬೂದುಗುಂಬಳ. ಲಾರಿಯ ಮುಂಭಾಗ ಸಂತೆಯ ತರಕಾರಿ ಅಂಗಡಿಯಾಗಿತ್ತು.

ದೃಷ್ಟಿಯ ಮಾತಾದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದು ಅಲ್ಲಿಗೆ ನಿಲ್ಲಲಿಲ್ಲ. ಲಾರಿ ಇಟ್ಟವರ ಲೋಕದಲ್ಲಿ ಡೀಸೆಲ್ ಲೆಕ್ಕಕ್ಕೆ ಸಿಗಲಿಲ್ಲವೆಂದರೆ ಒಂದೇ ಅರ್ಥ, ಡ್ರೈವರ್ ದಾರಿಯಲ್ಲಿ ಪೈಪ್ ಹಾಕಿ ತೆಗೆದು ಮಾರುತ್ತಿದ್ದಾನೆ. ಇವರು ಮೊದಲು ಬಾಯಿಬಿಟ್ಟು ಹೇಳಲಿಲ್ಲ. ಗಂಗಾಧರ ಊಟಕ್ಕೆ ಕೂತರೆ ಇವರು ಎದ್ದು ಹೊರಗೆ ಹೋಗುವುದು, ಅವನು ಮಾತಾಡಿಸಿದರೆ ಟಿವಿ ಜೋರು ಮಾಡುವುದು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಹಾಗಿದ್ದ ಭಾವ ಬಾಮೈದುನರ ನಡುವೆ ಸಾರಿನ ಪಾತ್ರೆ ಹಿಡಿದು ನಿಂತು ನಿಂತು ನನಗೆ ಸಾಕಾಗಿ ಹೋಯಿತು.

ಆಮೇಲೆ ಕೊಡಿಕೊಂಡದ ಮಾತು. ಬೆಂಗಳೂರಿನ ದಾರಿಯಲ್ಲಿ, ಆಂಧ್ರ ಮುಗಿದು ಕರ್ನಾಟಕ ಶುರುವಾಗುವ ಆ ಗಡಿಯಲ್ಲಿ ನಮ್ಮ ಕಡೆಯ ಲಾರಿಗಳೆಲ್ಲ ನಿಲ್ಲುವ ಒಂದು ಡಾಬಾ ಇದೆ. ಒಂದು ದಿನ ಇವರು ಅಲ್ಲಿ ಟೀ ಕುಡಿಯುತ್ತಾ, ಸುತ್ತ ಹತ್ತು ಜನ ಡ್ರೈವರುಗಳು ಕೂತಿರುವಾಗ, ಗಂಗಾಧರನೂ ಅಲ್ಲೇ ಟೈರು ನೋಡುತ್ತಾ ನಿಂತಿರುವಾಗ, "ಡೀಸೆಲ್ ದೊಂಗ ಮಾ ಇಂಟ್ಲೋನೇ ಉನ್ನಾಡು," ಅಂದುಬಿಟ್ಟರು. ಡೀಸೆಲ್ ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ, ಅಂತ. ಇವರದ್ದು ಒಂದು ಪದ್ಧತಿ. ಮನೆಯೊಳಗಿನ ಮಾತೆಲ್ಲ ಕನ್ನಡದಲ್ಲಿ. ನಾಲ್ಕು ಜನಕ್ಕೆ ಗೊತ್ತಾಗಲಿ ಅನ್ನುವ ಮಾತು ತೆಲುಗಿನಲ್ಲಿ. ಲಾರಿ ಹಿಂದೂಪುರಕ್ಕೆ ಬರುವ ಮೊದಲೇ ಆ ಮಾತು ಊರಿಗೆ ಬಂದಿತ್ತು. ಹುಣಸೆ ಚಪ್ಪರದಲ್ಲಿ ನನ್ನ ಪಕ್ಕ ಕೂತವಳು ಕುಟ್ಟುವುದನ್ನು ನಿಲ್ಲಿಸಿ, "ನಿನ್ ತಮ್ಮ ಹಂಗಂತೆ, ದಿಟವಾ ಅಕ್ಕಾ?" ಅಂದಳು.

ಡೀಸೆಲ್ ಕಳ್ಳ ಎಂದು ಹೆಸರು ಬಿದ್ದವನಿಗೆ ಮತ್ತೆ ಯಾರೂ ಲಾರಿ ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಅದು ಅವನಿಗೂ ಗೊತ್ತಿತ್ತು. ಅವತ್ತು ಮನೆಗೆ ಬಂದವನು ಊಟ ಬೇಡವೆಂದ. "ಅಕ್ಕ, ನಾಳೆ ಸರಳಿನ ಲೋಡ್ ಇಳಿಸ್ಬುಟ್ಟು ಬತ್ತೀನಿ. ಆಮ್ಯಾಕೆ ಕೀ ಕೊಟ್ಬುಟ್ಟು ಹೋಯ್ತೀನಿ," ಅಂದ. ಎಲ್ಲಿಗೆ ಅಂತ ಕೇಳಿದರೆ ಗೊತ್ತಿಲ್ಲ ಅಂದ. ಅವನು ಒಂದು ತೊಟ್ಟು ಡೀಸೆಲ್ ಮುಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅಕ್ಕನಿಗೆ ಗೊತ್ತಿದ್ದರೆ ಯಾರಿಗೆ ಏನು ಪ್ರಯೋಜನ? "ನಾಳೆ ನಾನೂ ಲಾರೀಲಿ ಬತ್ತೀನಿ," ಅಂದೆ. ಇವರು ಒಳಗಿನಿಂದ, "ಹೆಂಗ್ಸು ಲಾರಿ ಹತ್ತಿ ಏನ್ಮಾಡ್ತೀಯ?" ಅಂದರು. "ಡೀಸೆಲ್ ಟ್ಯಾಂಕ್ ಕಾಯ್ತೀನಿ," ಅಂದೆ.

ಕಾದೆ ಕೂಡ. ಹೊರಡುವಾಗ ಟ್ಯಾಂಕ್ ತುಂಬಿಸಿ, ನನ್ನ ಟ್ರಂಕಿನ ಬೀಗ ತಂದು ಅದರ ಮುಚ್ಚಳಕ್ಕೆ ಜಡಿದೆ. ಮಡಕಶಿರಾದಲ್ಲಿ ಟೀ ಕುಡಿಯಲು ನಿಂತಾಗ ಲೋಟವನ್ನು ಟ್ಯಾಂಕಿನ ಪಕ್ಕಕ್ಕೇ ತರಿಸಿಕೊಂಡು ಕುಡಿದೆ. ಹೋಗಿ ಬರುವ ಡ್ರೈವರುಗಳು ನಕ್ಕರು. ನಗಲಿ. ಬಿಸಿಲು ಆಗಲೇ ಏರಿತ್ತು, ಕ್ಯಾಬಿನ್ನಿನ ತಗಡು ಸುಡುತ್ತಿತ್ತು, ಹಿಂದೆ ಸರಳುಗಳು ಒಂದೇ ಸಮನೆ ಝಲ್ಲೆನ್ನುತ್ತಿದ್ದವು. ಊರು ದಾಟಿ ಏರು ಶುರುವಾದ ಕೂಡಲೇ ಲಾರಿ ಮುಕ್ಕಿರಿಯತೊಡಗಿತು. ಗಂಗಾಧರ ಗೇರ್ ಇಳಿಸಿದ, ಮತ್ತೆ ಇಳಿಸಿದ. ಹಿಂದಿನಿಂದ ಬಂದ ಪ್ಯಾಸೆಂಜರ್ ಆಟೋ ಒಂದು ನಮ್ಮನ್ನು ದಾಟಿಕೊಂಡು ಹೋಯಿತು. ಆಗ ನನಗೆ ಕೇಳಿಸಿತು. ನನ್ನ ಕಾಲ ಕೆಳಗೆ, ಮುಂದಕ್ಕೆ, ಕುಕ್ಕರ್ ವಿಷಲ್ ಹಾಕುವುದಕ್ಕೆ ಮೊದಲು ಬರುತ್ತದಲ್ಲ, ಅಂಥ ಸದ್ದು. ಅವನು ಕಾಲು ಒತ್ತಿದರೆ ಜೋರಾಗುವುದು, ಬಿಟ್ಟರೆ ನಿಲ್ಲುವುದು.

"ಕೇಳುಸ್ತಾ?" ಅಂದ ತಮ್ಮ.

"ಕೇಳುಸ್ತು."

ಅವನ ಮುಖ ನೋಡಿ ನನಗೆ ಅಳು ಬಂತು. ಒಂದು ಸುಗ್ಗಿಯುದ್ದಕ್ಕೂ ಹೇಳಿಕೊಂಡು ತಿರುಗಿದ ಮಾತನ್ನು ಒಬ್ಬರಾದರೂ ಕೇಳಿಸಿಕೊಂಡರಲ್ಲ ಅನ್ನುವ ಸಮಾಧಾನ ಅದರಲ್ಲಿತ್ತು.

ಪಾವಗಡ ದಾಟಿ, ಮತ್ತೆ ಆಂಧ್ರದೊಳಕ್ಕೆ ಬಂದು, ಕಲ್ಯಾಣದುರ್ಗ ಇನ್ನೇನು ಹತ್ತಿರವಾಯಿತು ಅನ್ನುವಾಗ ಇಂಜಿನ್ನಿನಲ್ಲಿ ಕಟಕಟ ಎಂದು ಬೇರೆಯೇ ಸದ್ದು ಹುಟ್ಟಿತು. ಗಂಗಾಧರ ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ನಿಂತೇ ಹೋಯಿತು. ಹೊಗೆಯೋ ಹೊಗೆ. ಒಂದು ಬೇವಿನ ಮರದ ನೆರಳೂ ಇಲ್ಲದ ಕಡೆ, ನೆತ್ತಿಯ ಮೇಲೆ ಸೂರ್ಯ. ಟ್ರ್ಯಾಕ್ಟರ್ ತರಿಸಿ ಎಳೆಸಿಕೊಂಡು ಊರಾಚೆಯ ತಿಪ್ಪೇಸ್ವಾಮಿಯ ಶೆಡ್ಡಿಗೆ ಬಂದು ಸೇರುವ ಹೊತ್ತಿಗೆ ನನ್ನ ಸೀರೆಯ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಮೊದಲು ಮಾಡಿದ ಕೆಲಸ, ಟ್ಯಾಂಕಿನ ಬೀಗ ತೆಗೆದು ತಿಪ್ಪೇಸ್ವಾಮಿಯನ್ನೇ ಕರೆದು ಕಡ್ಡಿ ಇಳಿಸಿ ತೋರಿಸಿದ್ದು. ತುಂಬಿಸಿದ ಡೀಸೆಲ್ ಅರ್ಧಕ್ಕಿಂತ ಕೆಳಗೆ ಹೋಗಿತ್ತು. ಬೀಗ ನನ್ನದು, ಬೀಗದ ಕೀ ನನ್ನ ಸೊಂಟದಲ್ಲಿ. ಕುಡಿದದ್ದು ಇಂಜಿನ್ನೇ.

ಇವರಿಗೆ ಫೋನ್ ಮಾಡಿದೆ. ಇಂಜಿನ್ ಹೋಯಿತು ಅಂದೆ. ಬೀಗದ ವಿಷಯ ಹೇಳಿದೆ, ಸದ್ದು ನಾನೇ ಕೇಳಿದೆ ಅಂದೆ. ಇವರು, "ಮುಂಚೆಯೆಲ್ಲ ಮಾರ್ಕಂಡವ್ನೆ. ನೀನಿದ್ದೀಯ ಅಂತ ಇವತ್ತು ಬೇಕೂ ಅಂತ ಎಳ್ದು ಎಳ್ದು ಇಂಜಿನ್ ಸುಟ್ಟವ್ನೆ," ಅಂದರು. ಫೋನನ್ನು ರಸ್ತೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕಟ್ ಮಾಡಿದೆ.

ಗಂಗಾಧರ ಅಷ್ಟನ್ನೂ ಕೇಳಿಸಿಕೊಂಡಿದ್ದ. ಲಾರಿಯ ಕೀಯನ್ನು ತಂದು ನನ್ನ ಕೈಗೆ ಇಟ್ಟ. "ಹತ್ತು ಜನದ ಮುಂದೆ ಅಂದ್ರು. ಹತ್ತು ಜನದ ಮುಂದೆ ಆ ಮಾತು ವಾಪಸ್ ತಗಳ್ಳೋಗಂಟ ನಾನಿದ್ನ ಮುಟ್ಟಾಕಿಲ್ಲ ಅಕ್ಕ," ಅಂದ. ನಾನು ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ತಿಪ್ಪೇಸ್ವಾಮಿ ದಪ್ಪ ಕನ್ನಡಕದ ಆಸಾಮಿ. ಇಂಜಿನ್ನಿಗೆ ಆಯಿಲ್ ಸುರಿಯುವ ಮುಚ್ಚಳ ತೆಗೆದ, ಒಳಗಿನಿಂದ ಒಲೆಯ ಹಾಗೆ ಹೊಗೆ ಬಂತು. ಕಡ್ಡಿ ಎಳೆದು ಬೆರಳಿಗೆ ಆಯಿಲ್ ಹಚ್ಚಿಕೊಂಡು ಮೂಸಿದ. "ಆಯಿಲ್ಲಾಗೆ ಡೀಸೆಲ್ ಸೇರೈತೆ. ಪಿಸ್ಟನ್ ಹೋಗೈತೆ. ಡ್ರೈವರ್ ಯದ್ವಾತದ್ವಾ ಎಳ್ದವ್ನೆ," ಅಂದ. ಇವನೂ ಅದೇ ರಾಗ! ಇಂಜಿನ್ನಿನ ಹೆಡ್ ಬಿಚ್ಚಿದ ಮೇಲೆ ನಮ್ಮನ್ನು ಕರೆದು ತೋರಿಸಿದ. ಒಂದು ಪಿಸ್ಟನ್ನಿನ ತಲೆ ಬಿಸಿಲಿಗಿಟ್ಟ ಬೆಲ್ಲದ ಹಾಗೆ ಅಂಚಿನಲ್ಲಿ ಕರಗಿ ಹೋಗಿತ್ತು. ಆಗ ಮಾತ್ರ ಅವನ ದನಿ ಸ್ವಲ್ಪ ಇಳಿಯಿತು. ಇದು ಓಡಿಸಿದ್ದಕ್ಕೆ ಸುಟ್ಟದ್ದಲ್ಲ, ಡೀಸೆಲ್ ಜಾಸ್ತಿಯಾಗಿ ಗಾಳಿ ಸಾಲದೆ ಸುಟ್ಟದ್ದು ಅಂದ. ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಚಕ್ರ ಹಿಡಿದು ಅಲ್ಲಾಡಿಸಿದ, ಅದು ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. "ಸಿಕ್ತಲ್ಲ! ಟರ್ಬೊ ಹೋಗೈತೆ, ಗಾಳಿ ತಳ್ತಿಲ್ಲ. ಬ್ಯಾರೆ ಟರ್ಬೊ, ಬ್ಯಾರೆ ಪಿಸ್ಟನ್ ಹಾಕ್ಕೊಡ್ತೀನಿ, ಹೋಗ್ತಾ ಇರಿ."

ಗಂಗಾಧರ ಬಿಡಲಿಲ್ಲ. "ಟರ್ಬೊ ಯಾಕೆ ಹೋಯ್ತು ಅದನ್ನ ಹೇಳಣ್ಣ. ತಳ್ಳಿದ ಗಾಳಿ ದಾರೀಲೇ ಸೋರಿದ್ರೆ ಅದು ಇನ್ನೂ ಜೋರಾಗಿ ತಿರುಗ್ತೈತೆ, ತಿರುಗಿ ತಿರುಗಿ ಸಾಯ್ತೈತೆ. ಹೊಸದು ಹಾಕುದ್ರೂ ಅದೇ ಗತಿ. ಇಂಟರ್‌ಕೂಲರ್ ನೋಡಣ್ಣ."

ಇಂಟರ್‌ಕೂಲರ್ ಅಂದರೆ ಏನೆಂದು ನನಗೆ ಅವತ್ತೇ ಗೊತ್ತಾದದ್ದು. ಟರ್ಬೊ ತಳ್ಳುವ ಬಿಸಿ ಗಾಳಿಯನ್ನು ತಣ್ಣಗೆ ಮಾಡಿ ಇಂಜಿನ್ನಿಗೆ ಕಳಿಸುವ ತೆಳ್ಳನೆಯ ಅಲ್ಯೂಮಿನಿಯಂ ಪೆಟ್ಟಿಗೆ. ಲಾರಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ, ಗಾಳಿ ನೇರ ಬಡಿಯುವಲ್ಲಿ ಕೂತಿರುತ್ತದೆ. ತಿಪ್ಪೇಸ್ವಾಮಿ ಜಾಲರಿ ಎತ್ತಿ ಕಟ್ಟಿ, ಪೈಪು ಕ್ಲಾಂಪುಗಳನ್ನು ಮುಟ್ಟಿ ನೋಡಿ, ಸರಿಯಾಗೇ ಇದೆ ಅಂದ. ಗಾಳಿ ತುಂಬಿ ಸೋಪು ನೀರು ಹಾಕಿ ಎಲ್ಲಿ ನೊರೆ ಏಳುತ್ತದೋ ನೋಡು ಎಂದು ಗಂಗಾಧರ ಅಂದರೆ, ಸುಗ್ಗಿಯಲ್ಲಿ ನನಗೆ ಅಷ್ಟು ಪುರುಸೊತ್ತಿಲ್ಲ, ಹಿಂದೆ ಲಾರಿಗಳ ಸಾಲು ನೋಡಿ ಅಂದ. ನನಗೆ ರೇಗಿಹೋಯಿತು. ಒಬ್ಬನಿಗೆ ಕೇಳಿಸುವುದಿಲ್ಲ, ಒಬ್ಬನಿಗೆ ಪುರುಸೊತ್ತಿಲ್ಲ, ಇನ್ನೊಬ್ಬರಿಗೆ ಕಣ್ಣು ಬಿದ್ದಿದೆ, ಮತ್ತೊಬ್ಬರು ಕಳ್ಳನನ್ನು ಹುಡುಕುತ್ತಿದ್ದಾರೆ!

"ನೀನು ಗಾಳಿ ತುಂಬ್ಸಪ್ಪ, ಸೋಪು ನೀರು ನಾನಾಕ್ತೀನಿ," ಅಂದೆ.

ಎದುರಿನ ಅಂಗಡಿಗೆ ಹೋಗಿ ಶಾಂಪೂ ಪೊಟ್ಟಣದ ಸರವೊಂದನ್ನು ಪೂರ್ತಿ ಕೊಂಡೆ. ಬಕೆಟ್ಟಿನಲ್ಲಿ ಕಲಕಿದೆ. ಹುಣಸೆ ಕುಟ್ಟಿ ಬಿರಿದ ಬೆರಳುಗಳೆಲ್ಲ ಉರಿದವು. ತಿಪ್ಪೇಸ್ವಾಮಿ ಗೊಣಗುತ್ತಲೇ ಪೆಟ್ಟಿಗೆಯ ಒಂದು ಬಾಯಿಗೆ ತಗಡು ಬಿಗಿದು, ಇನ್ನೊಂದಕ್ಕೆ ಹಳೇ ಟ್ಯೂಬಿನ ವಾಲ್ವ್ ಕೂರಿಸಿ, ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಟ್ಟ. ನಾನು ಹಳೇ ಬಟ್ಟೆ ಅದ್ದಿ ಅದ್ದಿ ಹಿಂಡಿದೆ. ಪೈಪಿನ ಮೇಲೆ, ಕ್ಲಾಂಪಿನ ಮೇಲೆ, ಮೂಲೆಗಳ ಮೇಲೆ. ಎಲ್ಲೂ ಏನೂ ಇಲ್ಲ. ಕೆಂಪು ಮಣ್ಣೂ ಹುಣಸೆ ಹೊಟ್ಟೂ ಮೆತ್ತಿಕೊಂಡಿದ್ದ ನಡುಭಾಗವೊಂದೇ ಉಳಿಯಿತು. ಅಲ್ಲೂ ಏನೂ ಸಿಗದಿದ್ದರೆ ತಮ್ಮನ ಕಥೆ ಅಲ್ಲಿಗೆ ಮುಗಿಯಿತು. ಒಂದು ಸಲ ಹಿಂಡಿದೆ, ಮಣ್ಣು ಕರಗಿ ಇಳಿಯಿತು. ಇನ್ನೊಂದು ಸಲ ಹಿಂಡಿದೆ.

ಬುಳುಬುಳು ಎಂದು ನೊರೆ ಎದ್ದಿತು. ಒಂದೇ ಜಾಗದಲ್ಲಿ. ಒರೆಸಿದರೂ ಮತ್ತೆ ಎದ್ದಿತು.

"ಇಲ್ನೋಡು! ಇಲ್ನೋಡು!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಟೈರ್ ಅಂಗಡಿಯವರೂ ಓಡಿ ಬಂದರು. ತಿಪ್ಪೇಸ್ವಾಮಿ ಕನ್ನಡಕ ಮೇಲೆತ್ತಿ ಬಗ್ಗಿದ. ಕಲ್ಲು ಬಡಿದಿರಬೇಕು ಅಂದ. ಮತ್ತೆ ತಾನೇ ತಲೆಯಾಡಿಸಿದ. ಕಲ್ಲು ಬಡಿದರೆ ಸುತ್ತಲಿನ ತೆಳುಪಟ್ಟಿಗಳೂ ನಜ್ಜುಗುಜ್ಜಾಗುತ್ತವೆ. ಇದು ನೀಟಾಗಿ ಗುಂಡಗೆ, ಯಾರೋ ತೂತು ಕೊರೆದ ಹಾಗಿದೆ. ಯಾರು ಕೊರೆದರು?

ಗಂಗಾಧರ ಎತ್ತಿ ಕಟ್ಟಿದ್ದ ಜಾಲರಿಯ ದಾರ ಬಿಚ್ಚಿ, ಅದನ್ನು ನಿಧಾನವಾಗಿ ಕೆಳಗೆ ಇಳಿಸಿದ. ಪೂರ್ತಿ ಮುಚ್ಚದೆ, ಸಂದಿಯಲ್ಲಿ ಇಣುಕಿ ನೋಡಿದ. "ಅಕ್ಕ, ಬಾ ಇಲ್ಲಿ," ಅಂದ.

ಲಾಳದ ಸ್ಕ್ರೂ. ಜಾಲರಿಯ ಹಿಂದಕ್ಕೆ ಚಾಚಿಕೊಂಡು, ಸರಿಯಾಗಿ ಆ ತೂತಿಗೆ ಎದುರಾಗಿ ನಿಂತಿತ್ತು. ಉದ್ದಕ್ಕೂ ತುಕ್ಕು ಹಿಡಿದಿದ್ದ ಅದರ ತುದಿ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಉಜ್ಜಿ ಉಜ್ಜಿ. ಮೆಕ್ಯಾನಿಕ್ಕುಗಳು ಜಾಲರಿ ಎತ್ತಿ ನೋಡಿದಾಗಲೆಲ್ಲ ಸ್ಕ್ರೂ ಕೂಡ ಅದರ ಜೊತೆಯೇ ಮೇಲೆ ಹೋಗುತ್ತಿತ್ತು. ಜಾಲರಿ ಮುಚ್ಚಿ ಲಾರಿ ಹೊರಟಿತೆಂದರೆ ಮತ್ತೆ ತನ್ನ ಜಾಗಕ್ಕೆ ಬಂದು ಕೊರೆಯುತ್ತಿತ್ತು. ಲಾರಿ ಹಾಳಾದಷ್ಟೂ ಇವರು ಅದನ್ನು ಬಿಗಿ ಮಾಡಿದರು, ಬಿಗಿ ಮಾಡಿದಷ್ಟೂ ಲಾರಿ ಹಾಳಾಯಿತು. ನಗು ಬರಬೇಕಿತ್ತು. ಟೈರ್ ಅಂಗಡಿಯವರಿಗೆ ಬಂತು. ನನಗೆ ಆ ಸ್ಕ್ರೂವಿಗೆ ನಾನೇ ಕುಂಕುಮ ಇಟ್ಟದ್ದು ನೆನಪಾಗಿ, ಬಕೆಟ್ಟಿನ ನೀರನ್ನೆಲ್ಲ ಆ ಲಾಳದ ಮೇಲೆ ರಪ್ಪನೆ ಎರಚಿದೆ.

ಮರುದಿನದ ಬಸ್ಸಿಗೆ ಇವರು ಬಂದರು. ತಿಪ್ಪೇಸ್ವಾಮಿ ಜಾಲರಿ ಎತ್ತಿ ತೋರಿಸಿದ, ಇಳಿಸಿ ತೋರಿಸಿದ. ಇವರು ಬಗ್ಗಿ ನೋಡಿದರು. ಸ್ಕ್ರೂವನ್ನು ತಾವೇ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಅದರ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಜೇಬಿಗೆ ಹಾಕಿಕೊಂಡು, "ಇರ್ಲಿ ಬಿಡು, ಆಗಿದ್ದು ಆಯ್ತು," ಅಂದರು.

ಆಗಿದ್ದು ಆಯ್ತಂತೆ! ತಮ್ಮನ ಊಟ ಕಿತ್ತುಕೊಂಡಿದ್ದು, ಮರ್ಯಾದೆ ಬೀದಿಗೆ ಎಳೆದಿದ್ದು, ನಾನು ಬಿಸಿಲಲ್ಲಿ ಟ್ಯಾಂಕು ಕಾದದ್ದು, ಎಲ್ಲಾ ಸೇರಿ ಆಗಿದ್ದು ಆಯ್ತು. ಗಂಡಸರಿಗೆ ಈ ಎರಡು ಪದ ಯಾರು ಕಲಿಸಿಕೊಟ್ಟರೋ. ಮನೆಗೆ ಫೋನ್ ಮಾಡಿ ಅತ್ತೆಗೆ ಹೇಳಿದರೆ, "ನೋಡ್ದೇನಮ್ಮ, ಲಾಳ ಇದ್ದಿದ್ಕೇ ಬರೀ ಇಂಜಿನ್ನಿಗೋಯ್ತು. ಇಲ್ದಿದ್ರೆ ಹುಡುಗನ ಜೀವಕ್ಕೇ ಬತ್ತಿತ್ತು," ಅಂದರು.

ಇಂಜಿನ್ ಸರಿಹೋಗುವತನಕ ನಾವು ಮೂವರೂ ನಾದಿನಿಯ ಮನೆಯಲ್ಲೇ ಉಳಿದೆವು. ಹೊಸ ಪಿಸ್ಟನ್, ಹೊಸ ಟರ್ಬೊ, ಬೇರೆ ಇಂಟರ್‌ಕೂಲರ್ ಬಂದವು, ಪಂಪಿನ ಡೀಸೆಲ್ ಮೊದಲಿನಷ್ಟಕ್ಕೆ ಇಳಿಯಿತು. ಇವರು ಗಂಗಾಧರನಿಗೆ ಬೀಡಾ ತಂದುಕೊಟ್ಟರು, ಅಂಗಿ ಬಟ್ಟೆ ತಂದುಕೊಟ್ಟರು. ಅವನು ತೆಗೆದುಕೊಂಡ, ಥ್ಯಾಂಕ್ಸ್ ಭಾವ ಅಂದ. ಹುಣಸೆ ಮೂಟೆಗಳು ಲಾರಿ ತುಂಬಿದ ದಿನ ಇವರು ಬಲು ಸಹಜವಾಗಿ, "ಹೊರಡನಾ?" ಅಂದರು. ಅವನು ಹತ್ತಿ ಕ್ಲೀನರ್ ಕೂರುವ ಕಡೆ ಕಿಟಕಿಗೆ ಒರಗಿ ಕೂತ. ಕೀ ನನ್ನ ಸೆರಗಿನಲ್ಲಿತ್ತು. ಇವರು ನನ್ನ ಕಡೆ ನೋಡಿದರು. ನಾನು ಆಕಾಶದ ಕಡೆ ನೋಡಿದೆ.

ಕೊನೆಗೆ ಮನೆಯಿಂದ ತಂದಿದ್ದ ಇನ್ನೊಂದು ಕೀ ಹಾಕಿಕೊಂಡು ಇವರೇ ಸ್ಟೇರಿಂಗ್ ಹಿಡಿದರು. ಇವರು ಲಾರಿ ಓಡಿಸುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೆಂಗಳೂರಿಗೆ ಹೋಗಬೇಕಾದ ಲೋಡು. ಗೇರುಗಳು ಕರಕರ ಅಂದವು. ಪಾವಗಡದ ಪೇಟೆಯಲ್ಲಿ ಒಂದು ಎಮ್ಮೆ ನಮಗಿಂತ ಮುಂದೆ ಹೋಯಿತು. ಗಂಗಾಧರ ಒಂದು ಸಲವೂ ಬಾಯಿ ಹಾಕಲಿಲ್ಲ, ಅವನ ಎಡಗಾಲು ಮಾತ್ರ ಇಲ್ಲದ ಕ್ಲಚ್ಚನ್ನು ಒತ್ತುತ್ತಲೇ ಇತ್ತು. ಇಬ್ಬರ ನಡುವೆ ಕೂತ ನನಗೆ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕು ಅನ್ನಿಸುತ್ತಿತ್ತು. ಆದರೆ ಏರಿನಲ್ಲಿ ಲಾರಿ ಸಲೀಸಾಗಿ ಹತ್ತಿತು. ಸುಯ್ ಇಲ್ಲ, ಹೊಗೆ ಇಲ್ಲ. ಅದನ್ನು ಮೂವರೂ ಗಮನಿಸಿದೆವು.

ಹಿಂದೂಪುರದಲ್ಲಿ ನಿಲ್ಲಿಸಲಿಲ್ಲ. ಕೊಡಿಕೊಂಡದ ಡಾಬಾ ಮುಂದೆ ಲಾರಿ ನಿಂತಾಗ ಇವರ ಅಂಗಿ ಬೆವರಿಗೆ ಮೈಗಂಟಿತ್ತು. ಒಳಗೆ ಅವೇ ಮುಖಗಳು, ಅದೇ ಹತ್ತು ಜನ ಅನ್ನಬಹುದು. ಇವರು ಮುಖ ತೊಳೆದರು. ಟೀ ಹೇಳಿದರು. ಹುಣಸೆ ಧಾರಣೆ ಮಾತಾಡಿದರು, ಬಿಸಿಲಿನ ಮಾತಾಡಿದರು, ಯಾರದೋ ಟೈರಿನ ಮಾತಾಡಿದರು. ನಾನು ರೆಪ್ಪೆ ಮುಚ್ಚದೆ ಇವರನ್ನೇ ನೋಡುತ್ತಾ ಕೂತೆ. ಗಂಗಾಧರ ಹೊರಗೆ ಟೈರಿನ ಪಕ್ಕ, ಅವತ್ತು ನಿಂತಿದ್ದಲ್ಲೇ ನಿಂತಿದ್ದ. ಒಬ್ಬ ಡ್ರೈವರು, "ಏನಣ್ಣ, ನೀನೇ ಗಾಡಿ ತಂದಿದೀಯ? ಅವ್ನ ಬಿಡಿಸ್ಬುಟ್ಟಾ?" ಅಂದ.

ಇವರು ಟೀ ಲೋಟ ಕೆಳಗಿಟ್ಟರು. ಜೇಬಿಗೆ ಕೈ ಹಾಕಿ ಆ ಸ್ಕ್ರೂ ತೆಗೆದು ಮೇಜಿನ ಮೇಲೆ ಇಟ್ಟರು. ಅದು ಉರುಳಿ ಲೋಟಕ್ಕೆ ತಾಗಿ ನಿಂತಿತು.

"ಡೀಸೆಲ್ ದೊಂಗ ದೊರಿಕಾಡು," ಅಂದರು. ಕಳ್ಳ ಸಿಕ್ಕಿದ, ಅಂತ. ತೆಲುಗಿನಲ್ಲಿ, ಗಟ್ಟಿಯಾಗಿ.

"ಎವರು?" ಅಂದರು ಇಬ್ಬರು ಮೂವರು ಒಟ್ಟಿಗೆ. ಯಾರು, ಅಂತ.

ಇವರು ಬಾಗಿಲಾಚೆ ನಿಂತಿದ್ದ ಗಂಗಾಧರನ ಕಡೆ ನೋಡಿದರು.

"ನೇನೇ," ಅಂದರು. ನಾನೇ. ಆಮೇಲೆ ಲಾಳದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಹೇಳಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ನಗಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಗಂಗಾಧರ ಒಳಗೆ ಬಂದು ನನ್ನ ಮುಂದೆ ಕೈ ಚಾಚಿದ. "ಕೀ ಕೊಡಕ್ಕ, ಲೋಡ್ ಕಾಯ್ತೈತೆ. ಭಾವನ ಕೈಗೆ ಬಿಟ್ರೆ ಹುಣಸೆ ಬೆಂಗ್ಳೂರು ಸೇರೋದು ಮುಂದಿನ ಸುಗ್ಗಿಗೆ."

ನಾನು ಸೆರಗು ಎಳೆದುಕೊಂಡೆ. ಅಷ್ಟು ದಿನ ಬಿಗಿದಿದ್ದ ಆ ಹಾಳು ಗಂಟು ಏನು ಮಾಡಿದರೂ ಬಿಚ್ಚಲೊಲ್ಲದು. ಉಗುರು ಹಾಕಿದೆ, ಹಲ್ಲು ಹಾಕಿದೆ. ಕಣ್ಣಲ್ಲಿ ನೀರು ತುಂಬಿ ಗಂಟೇ ಕಾಣುತ್ತಿರಲಿಲ್ಲ. ಇವರು ಎದ್ದು ಬಂದು, ಮೇಜಿನ ಮೇಲಿದ್ದ ಆ ಸ್ಕ್ರೂ ತೆಗೆದುಕೊಂಡು, ಅದರ ಹೊಳೆಯುವ ತುದಿಯನ್ನು ಗಂಟಿನೊಳಕ್ಕೆ ತೂರಿಸಿ ಮೆಲ್ಲಗೆ ಸಡಿಲಿಸಿದರು. ಕೀಯನ್ನು ತಾವೇ ತೆಗೆದು ಗಂಗಾಧರನ ಅಂಗೈಯಲ್ಲಿ ಇಟ್ಟರು.